ಪುಟ್ಟ ಯಂತ್ರ ಬಂತು ಸರಿ, ರಾತ್ರಿ ಎರಡು ಗಂಟೆಗೆ ಅದನ್ನು ಓದುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಮಿದುಳಿನ ಚಟುವಟಿಕೆಯನ್ನು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಮಗುವಿನ ಪಕ್ಕದಲ್ಲೇ ಇಟ್ಟು ನೋಡುವ ಸಣ್ಣ ಯಂತ್ರಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಖುಷಿಯಾಯಿತು. ನಾನು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಮಾಡುವ ಟೆಕ್ನಿಷಿಯನ್. ಈ ಕೆಲಸದಲ್ಲೇ ನನ್ನ ತಲೆಗೂದಲು ನರೆತಿದೆ. ಇಂಥ ಸುದ್ದಿ ಬಂದಾಗ ಡಾಕ್ಟರು ಮಾತಾಡುತ್ತಾರೆ, ಕಂಪನಿಯವರು ಮಾತಾಡುತ್ತಾರೆ. ಮಗುವಿನ ತಲೆಗೆ ಎಲೆಕ್ಟ್ರೋಡ್ (ಆ ಅಲೆಗಳನ್ನು ಹಿಡಿಯುವ ವೈರಿನ ತುದಿ) ಅಂಟಿಸುವವರನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹೇಗೂ ನಿಮ್ಮ ಕೈಯಲ್ಲೇ ಇದೆ.

ಲೇಖನದಲ್ಲಿ ತಪ್ಪು ಅಂತ ಏನೂ ಇರಲಿಲ್ಲ. ಆದರೆ ಓದಿ ಮುಗಿಸಿದವರಿಗೆ, ಯಂತ್ರ ತಂದಿಟ್ಟರೆ ಸಾಕು, ಮಿದುಳಿಗೆ ತೊಂದರೆಯಾದ ಕೂಡಲೇ ಗೊತ್ತಾಗಿಬಿಡುತ್ತದೆ ಅನ್ನಿಸುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ಯಂತ್ರದ ಪರವಾಗಿಯೇ ಮಾತಾಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 1.34 ಕೋಟಿ ಮಕ್ಕಳು 37 ವಾರ ತುಂಬುವ ಮುಂಚೆ ಹುಟ್ಟಿದರು. ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಮಗು. ಇವರಲ್ಲಿ ತೀರಾ ಬೇಗ ಹುಟ್ಟಿದವರನ್ನು ಎನ್‌ಐಸಿಯುನಲ್ಲಿ ಇಟ್ಟಾಗ ಹೃದಯ ಬಡಿತ, ಉಸಿರು, ರಕ್ತದೊತ್ತಡ, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಎಲ್ಲವೂ ಕ್ಷಣಕ್ಷಣಕ್ಕೂ ಪರದೆ ಮೇಲೆ ಕಾಣುತ್ತವೆ. ಸ್ವಲ್ಪ ಏರುಪೇರಾದರೆ ಅಲಾರಂ ಹೊಡೆದುಕೊಳ್ಳುತ್ತದೆ. ಇಷ್ಟೆಲ್ಲ ಮಾಡುವುದು ಬಹುಪಾಲು ಮಿದುಳನ್ನು ಕಾಪಾಡುವುದಕ್ಕೆ. ಆದರೆ ಆ ಮಿದುಳೇ ಏನು ಮಾಡುತ್ತಿದೆ ಅಂತ ತೋರಿಸುವ ಒಂದು ಗೆರೆಯೂ ಅನೇಕ ಕಡೆ ಆ ಪರದೆ ಮೇಲೆ ಇರುವುದಿಲ್ಲ.

ತಲೆಯ ಅಲ್ಟ್ರಾಸೌಂಡ್ ಮಾಡುತ್ತಾರಲ್ಲ ಅಂತ ನೀವು ಕೇಳಬಹುದು. ಮಾಡುತ್ತಾರೆ, ಮಾಡಲೇಬೇಕು. ನೆತ್ತಿಯ ಮೆತ್ತನೆ ಜಾಗದ ಮೇಲೆ ಪ್ರೋಬ್ ಇಟ್ಟರೆ ಒಳಗಿನ ರಕ್ತಸ್ರಾವ ಕಾಣುತ್ತದೆ. ಈ ಮಕ್ಕಳಲ್ಲಿ ರಕ್ತಸ್ರಾವ ಆಗುವುದಿದ್ದರೆ ಹೆಚ್ಚಾಗಿ ಮೊದಲ ಮೂರು ದಿನಗಳಲ್ಲೇ. ಆದರೆ ಅದು ಆ ಹೊತ್ತಿನ ಒಂದು ಚಿತ್ರ. ಮಿದುಳಿನ ಆಕಾರ ತೋರಿಸುತ್ತದೆ, ಮಿದುಳು ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದನ್ನಲ್ಲ. ಎಂಆರ್‌ಐ ಇನ್ನೂ ಚೆನ್ನಾಗಿ ತೋರಿಸುತ್ತದೆ. ಆದರೆ ಒಂದು ಕಿಲೋ ಕೂಡ ತೂಗದ ಮಗುವನ್ನು ವೆಂಟಿಲೇಟರ್ ಸಮೇತ ಸ್ಕ್ಯಾನ್ ಕೋಣೆಗೆ ಸಾಗಿಸುವುದು ಹುಡುಗಾಟದ ಮಾತಲ್ಲ.

ಇನ್ನು ಫಿಟ್ಸ್ ವಿಷಯ. ದೊಡ್ಡವರಿಗೆ ಫಿಟ್ಸ್ ಬಂದರೆ ಪಕ್ಕದಲ್ಲಿರುವವರಿಗೆ ಗೊತ್ತಾಗುತ್ತದೆ. ಈ ಮಕ್ಕಳಲ್ಲಿ ಹಾಗಲ್ಲ. ಮಿದುಳಿನಿಂದ ಕೈಕಾಲಿಗೆ ಹೋಗುವ ದಾರಿಗಳು ಇನ್ನೂ ಬಲಿತಿರುವುದಿಲ್ಲ. ಒಳಗೆ ಫಿಟ್ಸ್ ನಡೆಯುತ್ತಿದ್ದರೂ ಮಗು ಸುಮ್ನೆ ಮಲಗಿರಬಹುದು. ತುಟಿ ಚಪ್ಪರಿಸಬಹುದು, ಒಂದು ಸಲ ಉಸಿರು ನಿಲ್ಲಿಸಬಹುದು, ಅಷ್ಟೇ. ಐರ್ಲೆಂಡಿನ ಕಾರ್ಕ್‌ನಲ್ಲಿ ಮಾಡಿದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನಾನು ಹೊಸದಾಗಿ ಸೇರುವ ನರ್ಸ್‌ಗಳಿಗೆಲ್ಲ ಹೇಳುತ್ತಿರುತ್ತೇನೆ. ಅಲ್ಲಿ ಇಇಜಿಯಲ್ಲಿ ಕಂಡ 526 ಫಿಟ್ಸ್‌ಗಳಲ್ಲಿ ಹೊರಗೆ ಏನಾದರೂ ಲಕ್ಷಣ ತೋರಿದ್ದು ಮೂರರಲ್ಲಿ ಒಂದು ಪಾಲಿನಷ್ಟು. ಸಿಬ್ಬಂದಿ ಸರಿಯಾಗಿ ಗುರುತಿಸಿದ್ದು ಬರೀ ಶೇಕಡಾ 9. ಇನ್ನೊಂದು ಕಡೆ, ಸಿಬ್ಬಂದಿ ಫಿಟ್ಸ್ ಅಂತ ಬರೆದುಕೊಂಡ 177 ಸಂದರ್ಭಗಳಲ್ಲಿ ಇಇಜಿ ಹೌದು ಅಂದದ್ದು 48ಕ್ಕೆ. ಅವು ಅವಧಿ ತುಂಬಿಯೇ ಹುಟ್ಟಿದ ಮಕ್ಕಳು, ನೋಡುತ್ತಿದ್ದವರು ಅನುಭವಿಗಳು. ಬರಿಗಣ್ಣಿನಿಂದ ಆಗುವ ಕೆಲಸವಲ್ಲ ಇದು. ಗೊತ್ತಾಗದೆ ಹೋದರೆ ಚಿಕಿತ್ಸೆ ತಪ್ಪುತ್ತದೆ. ತಪ್ಪಾಗಿ ತಿಳಿದರೆ ಬೇಡದ ಮಗುವಿಗೆ ಫಿನೋಬಾರ್ಬಿಟೋನ್ ಅನ್ನುವ ಫಿಟ್ಸ್ ಔಷಧ ಬೀಳುತ್ತದೆ, ಮೊದಲೇ ಏದುಸಿರು ಬಿಡುತ್ತಿರುವ ಮಗು ಇನ್ನಷ್ಟು ಮಂಕಾಗುತ್ತದೆ.

ಹಾಗಾದರೆ ಒಂದು ಇಇಜಿ ಮಾಡಿಸಿದರೆ ಆಯಿತಲ್ಲ? ಮಾಡಿಸುತ್ತಿದ್ದೆವು. ದೊಡ್ಡ ಯಂತ್ರವನ್ನು ಟ್ರಾಲಿ ಮೇಲಿಟ್ಟು ತಳ್ಳಿಕೊಂಡು ಹೋಗುವುದು, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ರೆಕಾರ್ಡಿಂಗ್ ಮಾಡುವುದು, ವಾಪಸ್ ತರುವುದು. ಎಲ್ಲ ಹಗಲು ಹೊತ್ತಿನಲ್ಲಿ. ಫಿಟ್ಸ್ ನಮ್ಮ ಡ್ಯೂಟಿ ಸಮಯ ನೋಡಿಕೊಂಡು ಬರುವುದಿಲ್ಲವಲ್ಲ. ಅಪಾಯ ಜಾಸ್ತಿ ಇರುವ ನವಜಾತ ಮಕ್ಕಳಿಗೆ 24 ಗಂಟೆ ಇಇಜಿ ಇರಲಿ ಅಂತ ಅಮೆರಿಕದ ನರವಿಜ್ಞಾನ ತಜ್ಞರ ಸಂಘ 2011ರಲ್ಲೇ ಹೇಳಿದೆ. ಅದಕ್ಕೆ ಬೇಕಾದದ್ದು ಮಗುವಿನ ಪಕ್ಕದಲ್ಲೇ ಕೂತಿರುವ, ಜಾಗ ತಿನ್ನದ ಯಂತ್ರ. ಇಲ್ಲಿವರೆಗೆ ನಿಮ್ಮ ಲೇಖನ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ.

ಈ ಯಂತ್ರಗಳಲ್ಲಿ ಹೆಚ್ಚಿನವು ತೋರಿಸುವುದು ಎ-ಇಇಜಿ ಅನ್ನುವ, ರಿಬ್ಬನ್ನಿನಂಥ ಪಟ್ಟಿಯನ್ನು. ಇದು ಹೊಸದೇನೂ ಅಲ್ಲ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯನ ಇಇಜಿ ಹಿಡಿದ. ಎ-ಇಇಜಿಯ ಮೂಲ ಯಂತ್ರವನ್ನು ಲಂಡನ್ನಿನಲ್ಲಿ ಮೇನಾರ್ಡ್, ಪ್ರಯರ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. ಅದನ್ನು ಮಾಡಿದ್ದು ಮಕ್ಕಳಿಗಲ್ಲ, ಹೃದಯ ನಿಂತು ಮತ್ತೆ ಬದುಕಿಸಿದ ದೊಡ್ಡ ರೋಗಿಗಳಿಗೆ. ನವಜಾತ ಮಕ್ಕಳಿಗೆ ಬಂದದ್ದು ಆಮೇಲೆ. ತತ್ವ ಸರಳ. ಇಇಜಿಯಲ್ಲಿ ಸೆಕೆಂಡಿಗೆ 2ರಿಂದ 15 ಸಲ ಏರಿಳಿಯುವ ಅಲೆಗಳನ್ನಷ್ಟೇ ಉಳಿಸಿಕೊಂಡು, ಹೊತ್ತನ್ನು ಹಿಂಡಿ, ಒಂದು ಗಂಟೆಯ ರೆಕಾರ್ಡಿಂಗನ್ನು ಆರು ಸೆಂಟಿಮೀಟರ್ ಅಗಲಕ್ಕೆ ತರುತ್ತಾರೆ. ಇಡೀ ರಾತ್ರಿ ಒಂದೇ ನೋಟಕ್ಕೆ ಸಿಗುತ್ತದೆ. ಅವಧಿ ತುಂಬಿದ ಆರೋಗ್ಯವಂತ ಮಗುವಿನಲ್ಲಿ ಪಟ್ಟಿಯ ಕೆಳಗಿನ ಅಂಚು 5 ಮೈಕ್ರೊವೋಲ್ಟ್‌ಗಿಂತ ಮೇಲಿರುತ್ತದೆ, ಮೇಲಿನ ಅಂಚು 10ಕ್ಕಿಂತ ಮೇಲೆ. ಫಿಟ್ಸ್ ಬಂದರೆ ಎರಡೂ ಅಂಚು ತಟ್ಟನೆ ಮೇಲೇರುತ್ತವೆ. ಒಂದರ ಹಿಂದೆ ಒಂದು ಬರುತ್ತಿದ್ದರೆ ಪಟ್ಟಿ ಗರಗಸದ ಹಲ್ಲಿನ ಹಾಗೆ ಆಗುತ್ತದೆ. ಅದನ್ನು ಒಂದು ಸಲ ನೋಡಿದ ನರ್ಸ್ ಮತ್ತೆ ಮರೆಯುವುದಿಲ್ಲ.

ಈಗ ಎಲೆಕ್ಟ್ರೋಡ್ ಅಂಟಿಸುವ ಕೆಲಸಕ್ಕೆ ಬರುತ್ತೇನೆ. ಲೇಖನದಲ್ಲಿ ಇದಕ್ಕೆ ಅರ್ಧ ವಾಕ್ಯ ಸಿಕ್ಕಿದೆ.

27 ವಾರಕ್ಕೆ ಹುಟ್ಟಿದ ಮಗು. ತಲೆಯ ಸುತ್ತಳತೆ 25 ಸೆಂಟಿಮೀಟರ್ ಆಚೀಚೆ. ಮೂಗಿನ ಮೂಲಕ ಗಾಳಿ ಒತ್ತಿ ಉಸಿರಿಗೆ ನೆರವಾಗುವ ಸಿಪ್ಯಾಪ್ ಹಾಕಿರುತ್ತಾರೆ, ಅದರ ಟೋಪಿ ತಲೆಯ ಮುಕ್ಕಾಲು ಭಾಗ ಮುಚ್ಚಿರುತ್ತದೆ. ಕೆಲವು ಸಲ ಡ್ರಿಪ್ಪಿನ ಸೂಜಿಯೂ ತಲೆಯಲ್ಲೇ ಇರುತ್ತದೆ. ಉಳಿದ ಜಾಗದಲ್ಲಿ ಕಿವಿಯ ಮುಂಭಾಗದಿಂದ ನೆತ್ತಿಯ ನಡುಗೆರೆವರೆಗೆ ಅಳೆದು, ಎರಡೂ ಕಡೆ ಸರಿಸಮನಾಗಿ ಗುರುತು ಹಾಕಬೇಕು. ಚರ್ಮ ಎಷ್ಟು ತೆಳು ಅಂದರೆ ಅಂಟು ಕಿತ್ತರೆ ಮೇಲಿನ ಪದರವೂ ಜೊತೆಗೆ ಬರುತ್ತದೆ. ದೊಡ್ಡವರಿಗೆ ಜೆಲ್ ಹಚ್ಚಿ ಗಸಗಸ ಉಜ್ಜುವ ಹಾಗೆ ಇಲ್ಲಿ ಉಜ್ಜುವಂತಿಲ್ಲ. ಉಜ್ಜದೆ ಹೋದರೆ ಸಿಗ್ನಲ್ ಬರುವುದಿಲ್ಲ. ಹತ್ತಿಯ ತುದಿಗೆ ಒಂದಿಷ್ಟು ಜೆಲ್ ತಗೊಂಡು, ಬೆರಳಿನ ಭಾರವನ್ನೂ ಬಿಡದೆ, ಸವರಿದೆನೋ ಇಲ್ಲವೋ ಅನ್ನುವ ಹಾಗೆ ಸವರಬೇಕು. ಯಂತ್ರದಲ್ಲಿ ಇಂಪಿಡೆನ್ಸ್, ಅಂದರೆ ಚರ್ಮ ಸಿಗ್ನಲ್ಲಿಗೆ ಒಡ್ಡುವ ತಡೆ, ಇಳಿಯುವುದನ್ನು ನೋಡಬೇಕು. ಇಳಿಯದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ. ಇನ್‌ಕ್ಯುಬೇಟರ್ ಒಳಗೆ ತೇವ ಜಾಸ್ತಿ ಇಟ್ಟಿರುತ್ತಾರೆ, ಅಂಟು ಜಾರುತ್ತದೆ. ಮೇಲಿನಿಂದ ಬಿಸಿ ಕೊಡುವ ಓಪನ್ ವಾರ್ಮರ್ ಆದರೆ ಜೆಲ್ ಒಣಗುತ್ತದೆ. ಇದೆಲ್ಲವನ್ನೂ ಮಗುವಿನ ಡೈಪರ್ ಬದಲಿಸುವ ಹೊತ್ತಿಗೇ ಹೊಂದಿಸಿಕೊಳ್ಳಬೇಕು, ಯಾಕೆಂದರೆ ಮತ್ತೆ ಮತ್ತೆ ಮುಟ್ಟಿದರೆ ಸ್ಯಾಚುರೇಷನ್ ಬೀಳುತ್ತದೆ. ಈ ಹೊಂದಾಣಿಕೆ ನರ್ಸ್ ಕೈಯಲ್ಲಿದೆ. "ಅಕ್ಕಾ, ಈಗ ಬೇಡ, ಈಗಷ್ಟೇ ಮಲಗಿದೆ" ಅಂದರೆ ನಾನು ಗೋಡೆಗೆ ಒರಗಿ ಕಾಯುತ್ತೇನೆ. ಅವಳು ಹೇಳಿದ್ದೇ ಸರಿ.

ಎಲೆಕ್ಟ್ರೋಡ್ ಸರಿಯಾಗಿ ಕೂರದಿದ್ದರೆ ಯಂತ್ರ ಸುಳ್ಳು ಹೇಳುತ್ತದೆ. ಅದೂ ನಂಬುವ ಹಾಗೆ. ಜೆಲ್ ಹರಡಿ ಎರಡು ಎಲೆಕ್ಟ್ರೋಡ್ ಒಂದಕ್ಕೊಂದು ಕೂಡಿಕೊಂಡರೆ ಪಟ್ಟಿ ಕೆಳಗೆ ಕುಸಿಯುತ್ತದೆ, ಮಿದುಳು ಕೆಲಸ ನಿಲ್ಲಿಸಿದೆ ಅನ್ನಿಸುತ್ತದೆ. ನೆತ್ತಿ ಊದಿಕೊಂಡಿದ್ದರೂ ಹೀಗೇ. ಇದಕ್ಕಿಂತ ಕೆಟ್ಟದ್ದು ಇದರ ಉಲ್ಟಾ. ಮಿದುಳು ನಿಜವಾಗಿಯೂ ಮಂಕಾಗಿದ್ದಾಗ ಹೃದಯದ ಬಡಿತ ಎಲೆಕ್ಟ್ರೋಡಿಗೆ ಸೇರಿಕೊಂಡು ಪಟ್ಟಿಯ ಕೆಳ ಅಂಚನ್ನು ಮೇಲೆತ್ತಿಬಿಡುತ್ತದೆ. ಪರದೆ ನೋಡಿದವರು ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಹೈ ಫ್ರೀಕ್ವೆನ್ಸಿ ವೆಂಟಿಲೇಟರ್ ಇದ್ದರೆ ಇನ್ನೂ ಕಷ್ಟ. ಅದು ಮಗುವಿನ ಎದೆಯನ್ನು ನಿಮಿಷಕ್ಕೆ 600ರಿಂದ 900 ಸಲ ಅಲುಗಿಸುತ್ತದೆ, ಅಂದರೆ ಸೆಕೆಂಡಿಗೆ 10ರಿಂದ 15. ಎ-ಇಇಜಿ ಉಳಿಸಿಕೊಳ್ಳುವ 2ರಿಂದ 15ರ ಅಳತೆಯೊಳಗೇ ಇದೂ ಬರುತ್ತದೆ. ವೆಂಟಿಲೇಟರ್ ತನ್ನ ಹೆಸರನ್ನೇ ಮಿದುಳಿನ ಪಟ್ಟಿಯ ಮೇಲೆ ಬರೆದುಹೋಗುತ್ತದೆ. ಅದಕ್ಕೇ ಪಟ್ಟಿಯ ಜೊತೆಗೆ ಹಿಂಡದ, ಮೂಲ ಇಇಜಿಯ ಗೆರೆಯನ್ನೂ ನೋಡಲೇಬೇಕು ಅನ್ನುವುದು. ಅದನ್ನು ತೋರಿಸದ ಯಂತ್ರವನ್ನು ಯಾರು ಎಷ್ಟು ಕಡಿಮೆ ದುಡ್ಡಿಗೆ ಕೊಟ್ಟರೂ ನಾನಾಗಿದ್ದರೆ ಬೇಡ ಅನ್ನುತ್ತೇನೆ.

ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇನ್ನೊಂದು ಗೋಜಲು ಇದೆ. 27 ವಾರದ ಮಗುವಿನ ಇಇಜಿ ಒಂದೇ ಸಮನೆ ಓಡುವುದಿಲ್ಲ. ಒಂದಿಷ್ಟು ಅಲೆಗಳು ಒಟ್ಟಿಗೆ ಬರುತ್ತವೆ, ಆಮೇಲೆ ಮೌನ. ಕೆಲವೊಮ್ಮೆ ಅರ್ಧ ನಿಮಿಷದಷ್ಟು ಹೊತ್ತು ಏನೂ ಇಲ್ಲ. ಮತ್ತೆ ಒಂದಿಷ್ಟು ಅಲೆ. ಅವಧಿ ತುಂಬಿದ ಮಗುವಿನಲ್ಲಿ ಇದೇ ಗೆರೆ ಕಂಡರೆ ಡಾಕ್ಟರ್ ಓಡಿ ಬರುತ್ತಾರೆ. ಈ ಮಗುವಿಗೆ ಅದು ಸಹಜ. ವಾರಗಳು ಕಳೆದ ಹಾಗೆ ಮೌನ ಕಡಿಮೆಯಾಗುತ್ತದೆ, ನಿದ್ದೆ ಎಚ್ಚರಗಳ ಏರಿಳಿತ ಪಟ್ಟಿಯಲ್ಲಿ ಮೂಡುತ್ತದೆ. ಅಂದರೆ ಮಗುವಿನ ವಯಸ್ಸನ್ನು ವಾರದ ಲೆಕ್ಕದಲ್ಲಿ ತಿಳಿಯದೆ ಪಟ್ಟಿ ಓದುವಂತಿಲ್ಲ. ನೋವು ತಗ್ಗಿಸುವ, ಮಂಪರು ತರಿಸುವ ಮಾರ್ಫಿನ್, ಮಿಡಜೋಲಮ್ ಕೊಟ್ಟಿದ್ದರೆ ಪಟ್ಟಿ ಇಳಿಯುತ್ತದೆ. ಶ್ವಾಸಕೋಶ ಅರಳಲು ಸರ್ಫ್ಯಾಕ್ಟೆಂಟ್ ಅನ್ನುವ ಔಷಧ ಹಾಕಿದ ಮೇಲೂ ಸ್ವಲ್ಪ ಹೊತ್ತು ಇಳಿಯಬಹುದು. ಇವೆಲ್ಲವನ್ನೂ ಯಾರಾದರೂ ಆ ಹೊತ್ತಿಗೇ ಯಂತ್ರದಲ್ಲಿ ಗುರುತು ಹಾಕಿರಬೇಕು. ಮಾರನೇ ದಿನ ಬಂದು ನೋಡಿದರೆ "ಮೂರು ಹತ್ತಕ್ಕೆ ಏನಾಗಿತ್ತು?" ಅಂತ ಕೇಳಲು ಯಾರೂ ಸಿಗುವುದಿಲ್ಲ. ರಾತ್ರಿ ಡ್ಯೂಟಿಯವರು ಮನೆಗೆ ಹೋಗಿರುತ್ತಾರೆ.

ಕಂಪ್ಯೂಟರೇ ಓದುತ್ತದೆ ಅನ್ನುವವರಿಗೂ ಒಂದು ಮಾತು. ಫಿಟ್ಸ್ ಹುಡುಕುವ ಪ್ರೋಗ್ರಾಮನ್ನು ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರೋಗ್ರಾಮ್ ಇದ್ದ ಕಡೆ, ಫಿಟ್ಸ್ ಇದ್ದ ಗಂಟೆಗಳಲ್ಲಿ ಶೇಕಡಾ 66ನ್ನು ಸಿಬ್ಬಂದಿ ಗುರುತಿಸಿದರು. ಇಲ್ಲದ ಕಡೆ ಶೇಕಡಾ 45. ಒಳ್ಳೆಯ ಸುದ್ದಿಯೇ. ಆದರೆ ಯಾವ ಮಗುವಿಗೆ ಫಿಟ್ಸ್ ಇದೆ, ಯಾವುದಕ್ಕಿಲ್ಲ ಅಂತ ಗುರುತಿಸುವುದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೇಲಾಗಿ ಆ ಮಕ್ಕಳು 36 ವಾರ ದಾಟಿದವರು. 27 ವಾರದ ಮಗುವಿಗೆ ಅದೇ ಅಂಕಿ ಹಚ್ಚಿ ಜಾಹೀರಾತು ಮಾಡಿದರೆ ಅದು ಮೋಸ ಅಲ್ವಾ?

ಬೆಳಕಿನಿಂದ ಮಿದುಳಿನ ಆಮ್ಲಜನಕ ಅಳೆಯುವ ಸೆನ್ಸರ್ ಬಗ್ಗೆಯೂ ಲೇಖನ ಉತ್ಸಾಹದಿಂದ ಬರೆದಿದೆ. ಅದನ್ನೂ ಹಣೆಗೆ ಅಂಟಿಸಿ ಮೊದಲ ಮೂರು ದಿನ ನೋಡಿಕೊಂಡರೆ ಒಳ್ಳೆಯದಾಗುತ್ತದೆ ಅನ್ನುವ ನಂಬಿಕೆ ನಮಗೆಲ್ಲ ಇತ್ತು. 28 ವಾರಕ್ಕಿಂತ ಮೊದಲು ಹುಟ್ಟಿದ 1601 ಮಕ್ಕಳ ಮೇಲೆ ನಡೆದ ಸೇಫ್‌ಬೂಸ್ಕ್-3 ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಸಾವು ಅಥವಾ ಮಿದುಳಿಗೆ ತೀವ್ರ ಹಾನಿ ಆದದ್ದು ಸೆನ್ಸರ್ ನೋಡಿ ಚಿಕಿತ್ಸೆ ಮಾಡಿದ ಗುಂಪಿನಲ್ಲಿ ಶೇಕಡಾ 35.2, ಎಂದಿನ ಹಾಗೆ ನೋಡಿಕೊಂಡ ಗುಂಪಿನಲ್ಲಿ 34. ಏನೂ ಲಾಭ ಕಾಣಲಿಲ್ಲ. ಸೆನ್ಸರ್ ಕೆಟ್ಟದ್ದು ಅಂತಲ್ಲ. ಅಂಕಿ ಕಂಡ ಮೇಲೆ ಏನು ಮಾಡಬೇಕು, ಮಾಡಿದ್ದರಿಂದ ಮಗುವಿಗೆ ಒಳ್ಳೆಯದಾಗುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಎ-ಇಇಜಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅದರಲ್ಲೂ ಎರಡು ಚಾನೆಲ್ (ತಲೆಯ ಎರಡು ಜಾಗದ ಗೆರೆ) ಮಾತ್ರ ಇರುವುದರಿಂದ ತಲೆಯ ಹಿಂದಿನ ಮೂಲೆಯಲ್ಲೋ ಮುಂದಿನ ಮೂಲೆಯಲ್ಲೋ ಆಗುವ ಫಿಟ್ಸ್ ತಪ್ಪಿಹೋಗಬಹುದು. ಅರ್ಧ ನಿಮಿಷಕ್ಕಿಂತ ಕಡಿಮೆ ಹೊತ್ತು ಬಂದು ಹೋಗುವುದೂ ಪಟ್ಟಿಯಲ್ಲಿ ಕಾಣುವುದು ಕಷ್ಟ. ಅನುಮಾನ ಬಂದರೆ ಪೂರ್ತಿ ಇಇಜಿ ಮಾಡಿಸಲೇಬೇಕು. ಚಿಕ್ಕ ಯಂತ್ರ ಬಂತು ಅಂತ ದೊಡ್ಡದನ್ನು ಮೂಲೆಗೆ ತಳ್ಳಿದವರನ್ನು ನಾನು ನೋಡಿದ್ದೇನೆ.

ಯಂತ್ರವನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನೂ ನೋಡಿದ್ದೇನೆ. ಊರು, ಆಸ್ಪತ್ರೆ ಹೇಳುವುದು ಬೇಡ. ಕಳುವಾದೀತು ಅನ್ನುವ ಹೆದರಿಕೆ. ಬೀಗದ ಕೈ ಹಗಲು ಡ್ಯೂಟಿಯವರ ಹತ್ತಿರ. ಇನ್ನೊಂದು ಕಡೆ ಯಂತ್ರ ಹೊರಗೇ ಇತ್ತು, ಎಲೆಕ್ಟ್ರೋಡ್ ಮುಗಿದಿತ್ತು. ಯಂತ್ರಕ್ಕೆ ಒಂದು ಸಲ ಮಂಜೂರಾತಿ ಸಿಗುತ್ತದೆ. ಒಂದು ಸಲ ಬಳಸಿ ಎಸೆಯುವ ಎಲೆಕ್ಟ್ರೋಡಿಗೆ, ಜೆಲ್ಲಿಗೆ ತಿಂಗಳು ತಿಂಗಳೂ ಬರೆದು ಕೇಳಬೇಕು. ಆ ಚೀಟಿ ಯಾವ ಮೇಜಿನ ಮೇಲೆ ಕೂತಿದೆ ಅಂತ ಹುಡುಕುವುದೂ ನಮ್ಮ ಕೆಲಸದ ಭಾಗವೇ ಆಗಿಬಿಟ್ಟಿದೆ.

ರಾತ್ರಿ ಓದುವವರ ವಿಷಯಕ್ಕೆ ಬಂದೆ. ಪ್ರತಿ ಎನ್‌ಐಸಿಯುನಲ್ಲೂ ಮಕ್ಕಳ ನರರೋಗ ತಜ್ಞರು ರಾತ್ರಿಯೆಲ್ಲ ಕೂತಿರಲಿ ಅಂತ ಕೇಳುವಷ್ಟು ಹುಚ್ಚು ನನಗಿಲ್ಲ. ಆದರೆ ಎರಡು ವ್ಯವಸ್ಥೆ ಆಗುತ್ತದೆ. ನೆಟ್‌ವರ್ಕ್ ಮೂಲಕ ದೂರದಲ್ಲಿರುವ ತಜ್ಞರು ನೋಡುವುದು ಈಗಾಗಲೇ ಹಲವು ಕಡೆ ನಡೆದಿದೆ. ಅದಕ್ಕೆ ಬೇಕಾದದ್ದು ಒಂದು ಡ್ಯೂಟಿ ಪಟ್ಟಿ ಮತ್ತು ಫೋನ್ ಎತ್ತುವ ಮನುಷ್ಯ. ಮತ್ತೊಂದು, ಎನ್‌ಐಸಿಯು ನರ್ಸ್‌ಗಳಿಗೇ ಕಲಿಸುವುದು. ಪೂರ್ತಿ ಇಇಜಿ ಓದಲು ವರ್ಷಗಟ್ಟಲೆ ಬೇಕು. ಎ-ಇಇಜಿ ಪಟ್ಟಿಯಲ್ಲಿ "ಇದು ಯಾಕೋ ಬೇರೆ ಥರ ಇದೆ" ಅಂತ ಗುರುತಿಸಿ ಡಾಕ್ಟರನ್ನು ಕರೆಯುವಷ್ಟು ಕಲಿಯಲು ಅಷ್ಟು ಬೇಡ. ನಾನು ಕಲಿಸಿದ ಹುಡುಗಿಯರಲ್ಲಿ ಕೆಲವರು ಈಗ ನನಗಿಂತ ಬೇಗ ಆರ್ಟಿಫ್ಯಾಕ್ಟ್, ಅಂದರೆ ಮಿದುಳಿನದ್ದಲ್ಲದ ಸುಳ್ಳು ಸಿಗ್ನಲ್, ಹಿಡಿಯುತ್ತಾರೆ, ಯಾಕೆಂದರೆ ಮಗು ಆ ಹೊತ್ತಿಗೆ ಏನು ಮಾಡುತ್ತಿತ್ತು ಅಂತ ಅವರಿಗೆ ಗೊತ್ತು. ತೊಂದರೆ ಏನೆಂದರೆ, ಕಲಿತ ಆರು ತಿಂಗಳಿಗೆ ಅವರನ್ನು ಬೇರೆ ವಾರ್ಡಿಗೆ ಹಾಕುತ್ತಾರೆ.

ಕಲಿತ ನರ್ಸ್ ಇದ್ದರೆ ಪಟ್ಟಿಯಿಂದ ಇನ್ನೊಂದು ಉಪಯೋಗವೂ ಇದೆ, ಯಾವ ಜಾಹೀರಾತಿನಲ್ಲೂ ನಾನಿದನ್ನು ಕಂಡಿಲ್ಲ. ಸ್ವಲ್ಪ ಬಲಿತ ಮಗುವಿನಲ್ಲಿ ಗಾಢ ನಿದ್ದೆ ಬಂದಾಗ ಪಟ್ಟಿ ಅಗಲವಾಗುತ್ತದೆ. ಆಗ ಅವಸರವಿಲ್ಲದ ರಕ್ತ ಪರೀಕ್ಷೆ ಇದ್ದರೆ ಸ್ವಲ್ಪ ತಡೆಯಬಹುದು. ಈ ಮಕ್ಕಳಿಗೆ ನಿದ್ದೆಯೇ ದೊಡ್ಡ ಔಷಧ. ಅಮ್ಮನ ಎದೆ ಮೇಲೆ ಮಲಗಿಸಿ ಕ್ಯಾಂಗರೂ ಕೇರ್ ಕೊಡುವಾಗಲೂ ರೆಕಾರ್ಡಿಂಗ್ ಮುಂದುವರಿಸಬಹುದು. ವೈರ್ ಇದೆ ಅಂತ ಅಮ್ಮನಿಂದ ಮಗುವನ್ನು ದೂರ ಇಡುವ ಅಗತ್ಯ ಇಲ್ಲ. ಸಣ್ಣ ಯಂತ್ರದ ನಿಜವಾದ ಸುಖ ಇದೇ ಅಂತ ನನಗೆ ಅನ್ನಿಸುತ್ತದೆ.

ಅಪ್ಪ ಅಮ್ಮಂದಿರ ಬಗ್ಗೆ ಎರಡು ಮಾತು. ತಲೆಗೆ ವೈರ್ ಅಂಟಿಸಿದ್ದು ನೋಡಿದರೆ ಅವರ ಜೀವ ಬಾಯಿಗೆ ಬರುತ್ತದೆ. ಕರೆಂಟ್ ಕೊಡುತ್ತೀರಾ ಅಂತ ಕೇಳುತ್ತಾರೆ. ಇಲ್ಲಮ್ಮ, ಕೊಡುವುದಿಲ್ಲ, ಮಗುವಿನ ಮಿದುಳಿನಲ್ಲಿ ತಾನಾಗಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಯಂತ್ರ ಕೇಳಿಸಿಕೊಳ್ಳುತ್ತದೆ ಅಷ್ಟೇ ಅನ್ನುತ್ತೇನೆ. ಮುಂದಿನ ಪ್ರಶ್ನೆ ಯಾವಾಗಲೂ ಒಂದೇ, "ಮುಂದೆ ಎಲ್ಲ ಸರಿ ಹೋಗುತ್ತಲ್ವಾ?" ಅದಕ್ಕೆ ಉತ್ತರ ಕೊಡಬೇಕಾದವರು ಡಾಕ್ಟರು. ಪಟ್ಟಿಯೊಂದನ್ನೇ ನೋಡಿ ಅವರೂ ಕೊಡಲಾರರು. ಅಲ್ಟ್ರಾಸೌಂಡ್, ಮಗುವಿನ ಬೆಳವಣಿಗೆ, ವಾರಗಳ ಮೇಲೆ ವಾರ ಮಾಡಿದ ರೆಕಾರ್ಡಿಂಗ್ ಎಲ್ಲ ಸೇರಿ ಒಂದು ಅಂದಾಜು ಸಿಗುತ್ತದೆ. ಲೇಖನದಲ್ಲಿ "ಭವಿಷ್ಯ ತಿಳಿಸುವ ಯಂತ್ರ" ಅಂತ ಉಪಶೀರ್ಷಿಕೆ ಕೊಟ್ಟಿದ್ದು ನನಗೆ ಸರಿ ಕಾಣಲಿಲ್ಲ. ಎನ್‌ಐಸಿಯು ಹೊರಗೆ ಬೆಂಚಿನ ಮೇಲೆ ಕೂತು ಅದೇ ಪುಟ ಓದುವ ಅಮ್ಮ ಒಬ್ಬಳು ಇರುತ್ತಾಳೆ.

ಕೊನೆಗೆ ನಿಮ್ಮ ವರದಿಗಾರರಿಗೆ ಒಂದು ಕೋರಿಕೆ. ಮುಂದಿನ ಸಲ ಯಾವುದಾದರೂ ಆಸ್ಪತ್ರೆಯವರು ಹೊಸ ಯಂತ್ರ ತೋರಿಸಲು ಕರೆದರೆ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಬರಬೇಡಿ. ಮಗುವಿನ ಹೆಸರು ಮುಚ್ಚಿ, ಹಿಂದಿನ ರಾತ್ರಿಯ ರೆಕಾರ್ಡಿಂಗ್ ತೆರೆಯಲು ಹೇಳಿ. ಔಷಧ ಕೊಟ್ಟಾಗ, ಮಗುವನ್ನು ಮುಟ್ಟಿದಾಗ, ಉಸಿರು ನಿಂತಾಗ ಯಾರಾದರೂ ಗುರುತು ಹಾಕಿದ್ದಾರಾ ನೋಡಿ. ಪಟ್ಟಿ ಏರಿದ ಕಡೆ ಯಾರನ್ನು ಎಷ್ಟು ಹೊತ್ತಿಗೆ ಕರೆದರು ಅಂತ ಕೇಳಿ. ಎಲೆಕ್ಟ್ರೋಡ್ ಸ್ಟಾಕ್ ಎಷ್ಟಿದೆ ಅಂತಲೂ ಕೇಳಿ. ಉತ್ತರ ಸಿಕ್ಕರೆ ಅದನ್ನು ಬರೆಯಿರಿ, ಸಿಗದಿದ್ದರೆ ಅದನ್ನೂ ಬರೆಯಿರಿ.

ಇಂತಿ ತಮ್ಮ ಓದುಗರಲ್ಲಿ ಒಬ್ಬಳು,
ಒಬ್ಬ ಇಇಜಿ ಟೆಕ್ನಿಷಿಯನ್